ಕತ್ತು ನಿಲ್ಲಿಸುವ ಚಾಂದ್ ಪಾಷ

ಇನ್ನೂ ಬಿಸಿಲು ಬಿದ್ದಿಲ್ಲ. ನಾಯಕನಹಟ್ಟಿ ದಾಟಿ ಕುದಾಪುರದ ಕಡೆ ಹೋದರೆ ಸಿಗುವ ಒಂದು ಹಟ್ಟಿಯಲ್ಲಿ, ಬೇವಿನ ಮರಕ್ಕೂ ಅಂಗನವಾಡಿಯ ಕಿಟಕಿ ಸರಳಿಗೂ ಹಗ್ಗ ಬಿಗಿದು ಚಾಂದ್ ಪಾಷ ಒಂದು ಬಟ್ಟೆ ಇಳಿಬಿಡುತ್ತಿದ್ದಾರೆ. ಬಟ್ಟೆಯ ಒಂದು ಮೈ ನೀಲಿ, ಇನ್ನೊಂದು ಮೈ ಬಿಳಿ. ಯಾವ ಆಫೀಸಿನವರು ಯಾವ ಬಣ್ಣ ಕೇಳುತ್ತಾರೋ ಆ ಮೈ ಮುಂದೆ. ಬಟ್ಟೆಯೆದುರು ಒಂದು ಪ್ಲಾಸ್ಟಿಕ್ ಸ್ಟೂಲು, ಅದರೆದುರು ಮೂರು ಕಾಲಿನ ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ಫೋನು, ಫೋನಿನ ನೆತ್ತಿಗೆ ಕ್ಲಿಪ್ಪು ಹಾಕಿ ಸಿಕ್ಕಿಸಿದ ಹಸಿರು ಪ್ಲಾಸ್ಟಿಕ್ ಗಿಳಿ. ಸ್ಟುಡಿಯೋ ಎಂದರೆ ಇಷ್ಟೇ. ಗಾಡಿಯ ಹಿಂದಿನ ಡಬ್ಬಿಯಲ್ಲಿ ಪೂರ್ತಿ ಹಿಡಿಯುತ್ತದೆ.

ಕಾರ್ಡು, ಪಾಸು, ಅರ್ಜಿ, ಯಾವುದಕ್ಕಾದರೂ ಫೋಟೋ ಬೇಕೇ ಬೇಕು. ಅದಕ್ಕಾಗಿ ಚಳ್ಳಕೆರೆಯ ಬಸ್ಸು ಹತ್ತಿದರೆ ಒಂದು ದಿನದ ಕೂಲಿ ಕೈಬಿಟ್ಟ ಹಾಗೆ. ಅದಕ್ಕೇ ಪಾಷ ಅವರೇ ಹಟ್ಟಿಗೆ ಬರುತ್ತಾರೆ, ಜನ ಕೆಲಸಕ್ಕೆ ಹೊರಡುವ ಮುಂಚೆ. ಈವತ್ತು ಕುದಾಪುರದ ವಿಜ್ಞಾನ ಸಂಸ್ಥೆಗಳ ಕ್ಯಾಂಪಸ್ಸುಗಳಲ್ಲಿ ತೋಟದ ಕೆಲಸ, ಗುಡಿಸುವ ಕೆಲಸ ಮಾಡುವವರ ಗೇಟ್ ಪಾಸು ಹೊಸದಾಗಬೇಕಿದೆ. ಹದಿನೈದಿಪ್ಪತ್ತು ಜನ ತಲೆಗೆ ನೀರು ಹಾಕಿಕೊಂಡು, ಎಣ್ಣೆ ಹಚ್ಚಿ ಬಾಚಿಕೊಂಡು ಸಾಲಾಗಿ ನಿಂತಿದ್ದಾರೆ. ಅವರ ಟೆಂಪೋ ಬರುವಷ್ಟರಲ್ಲಿ ಎಲ್ಲ ಮುಗಿಯಬೇಕು.

“ಗಿಳಿ ನೋಡ್ರಪ್ಪಾ, ಗಿಳಿ! ನನ್ನ ಮಕ ನೋಡಬ್ಯಾಡ್ರಿ!” ಎಂದು ಪಾಷ ಕೂಗುತ್ತಾರೆ.

ಅವರ ಮುಖ ನೋಡಿದರೆ ಏನಾಗುತ್ತದೆ? ಕೂತವರ ತಲೆಯೂ ಎಡಕ್ಕೆ ತಿರುಗುತ್ತದೆ. ಯಾಕೆಂದರೆ ಐವತ್ತೆರಡು ವಯಸ್ಸಿನ ಚಾಂದ್ ಪಾಷ ಅವರ ತಲೆ ಎಡಭುಜದ ಕಡೆ ತಿರುಗಿಕೊಂಡಿರುತ್ತದೆ. ನೆಟ್ಟಗೆ ಮಾಡುತ್ತಾರೆ, ಒಂದೆರಡು ಗಳಿಗೆ ನಿಲ್ಲುತ್ತದೆ, ಸಣ್ಣಗೆ ನಡುಗುತ್ತದೆ, ಮತ್ತೆ ಹೊರಳುತ್ತದೆ. “ಹಿಂಗೆ ನೆಟ್ಟಗೆ ಕೂತ್ಕಳ್ರಿ” ಎಂದು ಅವರು ತೋರಿಸಿದರೆ ಜನ ನಿಷ್ಠೆಯಿಂದ ಹಾಗೇ ಕೂರುತ್ತಿದ್ದರಂತೆ. ಮೂರು ವರ್ಷದ ಹಿಂದೆ ಒಂದಿಡೀ ಹಟ್ಟಿಯ ಜಾಬ್ ಕಾರ್ಡುಗಳ ಫೋಟೋದಲ್ಲಿ ಎಲ್ಲರ ತಲೆಯೂ ಎಡಕ್ಕೆ ವಾಲಿತ್ತು. ಪಂಚಾಯ್ತಿಯ ಗುಮಾಸ್ತರು ಕಟ್ಟು ಬಿಚ್ಚಿ ನೋಡಿ, “ಇದೇನೋ ಪಾಷ, ಊರಿಗೂರೇ ಮುನಿಸ್ಕೊಂಡು ಕೂತೈತಲ್ಲ” ಎಂದು ನಕ್ಕು ವಾಪಸು ಕಳಿಸಿದ್ದರು. ಪಾಷ ಪುಕ್ಕಟೆಯಾಗಿ ಎಲ್ಲರ ಫೋಟೋ ಮತ್ತೆ ತೆಗೆದುಕೊಟ್ಟರು. ಗಿಳಿ ಬಂದದ್ದು ಆಮೇಲೆ.

ಸಾಲಿನ ಕೊನೆಯಲ್ಲಿ ಯರ್ರಮ್ಮ ನಿಂತಿದ್ದಾರೆ, ಕಂಕುಳಲ್ಲಿ ಮೊಮ್ಮಗಳು. ಹಿಂದೆ ಸೊಸೆ ತೇಜಶ್ರೀ. ಮಗುವಿನ ಹೆಸರು ಸೇರಿಸುವ ಯಾವುದೋ ಅರ್ಜಿಗೆ ಫೋಟೋ ಬೇಕು.

“ಕತ್ತು ನಿಂತೈತೇನವ್ವಾ?” ಪಾಷ ಕೇಳುವ ಮೊದಲ ಪ್ರಶ್ನೆ ಇದು.

“ಇನ್ನಾ ಎಲ್ಲಿ ನಿಂತೈತೆ, ಮೂರು ತಿಂಗ್ಳು ತುಂಬಿಲ್ಲ” ಎನ್ನುತ್ತಾರೆ ಯರ್ರಮ್ಮ. “ಹಿಂಗೆ ಹಿಡದ್ರೆ ಹಂಗೆ ಬೀಳ್ತೈತೆ, ಹಂಗೆ ಹಿಡದ್ರೆ ಹಿಂಗೆ.”

“ಹಂಗಾದ್ರೆ ತಾಯಿ ಬಟ್ಟೆ ಹಿಂದಕ್ಕೆ ಹೋಗ್ಲಿ.”

ತೇಜಶ್ರೀಗೆ ಇದು ಹೊಸದು, ಯರ್ರಮ್ಮನಿಗೆ ಹಳೆಯದು. ಇದೇ ತೇಜಶ್ರೀಯ ಗಂಡ ಕೂಸಾಗಿದ್ದಾಗ ಅವರೂ ಪಾಷ ಕಟ್ಟಿದ ಬಟ್ಟೆಯ ಹಿಂದೆ ಹೋಗಿ ಕೂತವರು. ತಾಯಿ ಬಟ್ಟೆಯ ಹಿಂದೆ ಕುಕ್ಕರಗಾಲಲ್ಲಿ ಕೂರುತ್ತಾಳೆ. ಮುಂದೆ ಸ್ಟೂಲಿನ ಮೇಲೆ ದಿಂಬಿಟ್ಟು ಕೂಸನ್ನು ಕೂರಿಸುತ್ತಾರೆ, ಸೊಂಟವನ್ನು ಅಜ್ಜಿ ಪಕ್ಕದಿಂದ ಹಿಡಿದಿರುತ್ತಾಳೆ. ತಾಯಿಯ ಅಂಗೈ ಬಟ್ಟೆಯ ಸಮೇತ ಬಂದು ಕೂಸಿನ ತಲೆಯ ಹಿಂಭಾಗಕ್ಕೆ ತಾಗುತ್ತದೆ. ಫೋಟೋದಲ್ಲಿ ನೀಲಿ ಮಾತ್ರ ಕಾಣುತ್ತದೆ, ಕೈ ಕಾಣುವುದಿಲ್ಲ.

“ಗಟ್ಟಿ ಹಿಡೀಬ್ಯಾಡ ತಾಯಿ, ತಳ್ಳಬ್ಯಾಡ. ಮುಟ್ಟಿರು ಅಷ್ಟೆ. ಎತ್ತೋದನ್ನ ಕೂಸೇ ಎತ್ತತೈತೆ.”

ಕೂಸು ಎತ್ತುತ್ತದೆ. ಒಂದು ಗಳಿಗೆ ತಲೆ ನಿಲ್ಲಿಸಿ, ಹಸಿರು ಗಿಳಿಯನ್ನು ಬೆರಗಿನಿಂದ ನೋಡುತ್ತದೆ. ಪಾಷ ಅವರ ಹೆಬ್ಬೆರಳು ಆ ಗಳಿಗೆಯನ್ನು ತಪ್ಪಿಸುವುದಿಲ್ಲ. ಬಟ್ಟೆಯ ಹಿಂದಿನಿಂದ ತೇಜಶ್ರೀ “ಬಂತಾ ಅಣ್ಣಾ?” ಎಂದು ಕೇಳುತ್ತಾಳೆ. ಬಂತು ಎಂದರೂ ಅವಳು ಕೈ ತೆಗೆಯುವುದಿಲ್ಲ.

ಟೆಂಪೋ ಹೋದಮೇಲೆ ನಾವು ನಾಯಕನಹಟ್ಟಿಯ ಬಸ್ ನಿಲ್ದಾಣದ ಹತ್ತಿರ ಬೊಮ್ಮಲಿಂಗಪ್ಪನವರ ಚಹಾದಂಗಡಿಗೆ ಬರುತ್ತೇವೆ. ಪಾಷ ಮತ್ತು ಬೊಮ್ಮಲಿಂಗಪ್ಪ ಇಪ್ಪತ್ತು ವರ್ಷದ ಗೆಳೆಯರು. ನಡುವೆ ಸುಮಾರು ಒಂದು ವರ್ಷ ಮಾತಿಲ್ಲ ಕತೆಯಿಲ್ಲ. ಕಾರಣ ಕೇಳಿದರೆ ಈಗ ಇಬ್ಬರಿಗೂ ನಗು.

“ಬೆಳಿಗ್ಗೆ ಗಾಡೀಲಿ ಹೋಗುವಾಗ ನಮ್ಮಂಗಡಿ ಇವನ ಬಲಗಡೆ ಬೀಳ್ತೈತೆ” ಎಂದು ಬೊಮ್ಮಲಿಂಗಪ್ಪ ಲೋಟ ತೊಳೆಯುತ್ತಲೇ ಹೇಳುತ್ತಾರೆ. “ನಾನು ಕೈ ಎತ್ತಿದ್ರೆ ಇವನು ಮಕ ಆ ಕಡೆ ತಿರುಗಿಸ್ಕೊಂಡು ಹೋಗ್ತಿದ್ದ. ಸಂಜೆ ಬರುವಾಗ ಎಡಗಡೆ ಬೀಳ್ತೈತಲ್ಲ, ಆವಾಗ ಅಂಗಡಿ ಒಳಗೇ ನೋಡ್ಕೊಂಡು ಹೋಗ್ತಿದ್ದ. ಬೆಳಿಗ್ಗೆ ನಾನು ಬ್ಯಾಡ, ಸಂಜೆ ನಮ್ಮಂಗಡಿ ಬೇಕು! ಇದ್ಯಾವ ಸೀಮೆ ಸೊಕ್ಕಲೇ ಅಂತ ನಾನೂ ಬಿಟ್ಟುಬಿಟ್ಟೆ.”

ಮುಖ ತಿರುಗಿಸುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಬೈದರೆ ಮರೆಯುತ್ತಾರೆ, ಮುಖ ತಿರುಗಿಸಿದರೆ ಮರೆಯುವುದಿಲ್ಲ. ರಸ್ತೆಯ ಒಂದು ಬದಿಯವರಿಗೆಲ್ಲ ಪಾಷ ಒಳ್ಳೆಯವರಾದರು, ಇನ್ನೊಂದು ಬದಿಯವರಿಗೆ ದೊಡ್ಡಸ್ತಿಕೆಯವರಾದರು. ಮೊಳಕಾಲ್ಮೂರಿನ ರಾಂಪುರದ ಕಡೆ, ಸೀರೆ ನೇಯುವವರ ಕಾರ್ಡಿಗೆ ಫೋಟೋ ತೆಗೆಯಲು ಹೋದಾಗ, ಒಬ್ಬ ಮುದುಕಿ ತೆಲುಗಿನಲ್ಲಿ “ಏಮಯ್ಯಾ, ನಾ ಮುಖಮು ನಚ್ಚಲೇದಾ?” ಎಂದಳಂತೆ, ನನ್ನ ಮುಖ ಹಿಡಿಸಲಿಲ್ಲವೇನಯ್ಯಾ ಎಂದು. ಆವತ್ತು ಪಾಷ ಗಾಡಿ ನಿಲ್ಲಿಸಿ ಅತ್ತರು. ಅದನ್ನು ಮುಚ್ಚಿಡದೆ ಹೇಳುತ್ತಾರೆ.

“ಜನದ ಮಕ ನೋಡಿ ಅನ್ನ ತಿನ್ನೋನು ಸಾರ್ ನಾನು. ಅವರು ಹಂಗೆ ಅಂದ್ರೆ ಏನು ಮಾಡ್ಲಿ?”

ಚಳ್ಳಕೆರೆಯ ಮೆಕ್ಯಾನಿಕ್ ಒಬ್ಬರ ಮಗ ಚಾಂದ್ ಪಾಷ. ತಂದೆ ಬೇಗ ಹೋದರು. ತಾಯಿ ಖಾತೂನ್ ಬೀ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಹಸನು ಮಾಡಿ ಮಗನನ್ನು ಬೆಳೆಸಿದರು. ಸ್ಪ್ಯಾನರಿಗಿಂತ ಕ್ಯಾಮೆರಾ ಇಷ್ಟವಾಗಿ ಹುಡುಗ ಊರಿನ ಸ್ಟುಡಿಯೋ ಒಂದರಲ್ಲಿ ಸೇರಿಕೊಂಡ, ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುವುದರಿಂದ ಶುರುಮಾಡಿ ಕೆಲಸ ಕಲಿತ. ಅಂಗಡಿ ಹಾಕುವಷ್ಟು ಅನುಕೂಲ ಆಗಲಿಲ್ಲ, ಹಾಗಾಗಿ ಹಳ್ಳಿ ಸುತ್ತುವುದೇ ವ್ಯಾಪಾರವಾಯಿತು. ವಾರದಲ್ಲಿ ನಾಲ್ಕು ದಿನ ಚಳ್ಳಕೆರೆ ತಾಲ್ಲೂಕು, ಎರಡು ದಿನ ಮೊಳಕಾಲ್ಮೂರು, ಶುಕ್ರವಾರ ಮನೆ. ಚೆನ್ನಾಗಿ ನಡೆದ ದಿನ ನಲವತ್ತು ಮುಖ, ಇಲ್ಲದಿದ್ದರೆ ಹತ್ತು. ಹೆಂಡತಿ ಆಯೇಷಾ ಮನೆಯಲ್ಲಿ ಪ್ರಿಂಟು ತೆಗೆದು, ಕತ್ತರಿಸಿ, ಚಿಕ್ಕ ಕವರಿಗೆ ಹಾಕಿ ಹಟ್ಟಿವಾರು ಕಟ್ಟಿಡುತ್ತಾರೆ. ಎರಡು ಬಣ್ಣದ ಬಟ್ಟೆ ಹೊಲಿದವರೂ ಅವರೇ.

ಕತ್ತಿನ ಉಪದ್ರ ಶುರುವಾದದ್ದು ನಾಲ್ಕು ವರ್ಷದ ಹಿಂದೆ. ಅಲ್ಲಿಯವರೆಗೆ ಪಾಷ ಕಣ್ಣಿಗೆ ಒತ್ತಿ ಹಿಡಿಯುವ ಕಪ್ಪು ಕ್ಯಾಮೆರಾದಲ್ಲೇ ಕೆಲಸ ಮಾಡುತ್ತಿದ್ದರು. ಆಮೇಲೆ ಅರ್ಜಿಗಳೆಲ್ಲ ಆನ್‌ಲೈನ್ ಆದವು, ನಿಂತಲ್ಲೇ ಫೋಟೋ ಕಳಿಸಿ ಎಂದು ಜನ ಕೇಳತೊಡಗಿದರು. ಕ್ಯಾಮೆರಾ ಬೀರು ಸೇರಿತು, ಫೋನು ಸ್ಟ್ಯಾಂಡು ಹತ್ತಿತು. ಕೆಲವು ತಿಂಗಳಲ್ಲಿ ಕತ್ತಿನ ಬಲಗಡೆ ಹಗ್ಗ ಎಳೆದ ಹಾಗೆ ಬಿಗಿತ, ಬೆನ್ನಿನವರೆಗೆ ನೋವು, ಆಮೇಲೆ ತಲೆಯೇ ತಿರುಗತೊಡಗಿತು. ನೆಟಿಗೆ ತೆಗೆಸಿದರು, ಎಣ್ಣೆ ತಿಕ್ಕಿಸಿದರು, ಪಟ್ಟಿ ಕಟ್ಟಿದರು, ತಾಯತ ಕಟ್ಟಿಸಿದರು. ಪಟ್ಟಿ ಕಟ್ಟಿದರೆ ಪಟ್ಟಿಯೊಳಗೇ ಕತ್ತು ಗುದ್ದಾಡುತ್ತಿತ್ತು. ಲಕ್ವ ಎಂದರು ಕೆಲವರು, ತಲೆಯಲ್ಲಿ ಗೆಡ್ಡೆ ಎಂದರು ಇನ್ನು ಕೆಲವರು. ನೋಡಿದವರೆಲ್ಲ ಡಾಕ್ಟರೇ.

ಒಂದು ಮಧ್ಯಾಹ್ನ ಊಟ ಮಾಡಿ ಚಾಪೆಯ ಮೇಲೆ ಮಲಗಿದ ಗಂಡನನ್ನು ನೋಡಿ ಆಯೇಷಾ ಬೆಚ್ಚಿದರು. ನಿದ್ದೆಯಲ್ಲಿ ತಲೆ ನೆಟ್ಟಗಿತ್ತು! ಎದ್ದು ಕೂತ ಕೂಡಲೇ ಮತ್ತೆ ಎಡಕ್ಕೆ. “ಮೂಳೆ ಮುರಿದಿದ್ರೆ ಮಲಗಿದಾಗ ಹೆಂಗೆ ಸರಿಹೋಗ್ತೈತೆ? ನಂಗೆ ಭಯ ಅರ್ಧ ಹೋಯ್ತು, ಇನ್ನರ್ಧ ಜಾಸ್ತಿ ಆಯ್ತು” ಎನ್ನುತ್ತಾರೆ ಆಯೇಷಾ. ಮಾರನೆಯ ದಿನವೇ ಗಂಡನನ್ನು ಹೊರಡಿಸಿಕೊಂಡು ಚಿತ್ರದುರ್ಗಕ್ಕೆ, ನರರೋಗದ ಡಾಕ್ಟರ್ ವನಜಾಕ್ಷಿಯವರ ಹತ್ತಿರ ಹೋದರು.

ಡಾಕ್ಟರು ಸ್ಕ್ಯಾನ್ ಮಾಡಿಸಿದರು. ಗೆಡ್ಡೆ ಇಲ್ಲ, ಲಕ್ವ ಅಲ್ಲ. ಕಾಯಿಲೆಗೆ ಸರ್ವೈಕಲ್ ಡಿಸ್ಟೋನಿಯಾ ಎಂಬ ಹೆಸರಿದೆ. ಜೀವಕ್ಕೆ ಅಪಾಯವಿಲ್ಲ. ಹೆಸರು ಇದೆ ಎಂದು ತಿಳಿದೇ ಪಾಷ ಅವರಿಗೆ ಅರ್ಧ ಸಮಾಧಾನವಾಯಿತು. ಹೆಸರಿದೆ ಅಂದರೆ ಬೇರೆಯವರಿಗೂ ಬಂದಿದೆ ಎಂದಾಯಿತಲ್ಲ. ಆದರೆ ಏನು ಕೆಟ್ಟಿದೆ ಎನ್ನುವುದು ಅವರಿಗೆ ತಿಳಿಯಬೇಕಿತ್ತು. ಡಾಕ್ಟರು ತಾಳ್ಮೆಯಿಂದ ಹೇಳಿದರು. ನಾನು ಫೋನು ಮಾಡಿದಾಗ ನನಗೂ ಹಾಗೇ ಹೇಳಿದರು.

“ಮಿದುಳು ಕೆಳಗಿಳಿದು ಕತ್ತಿಗೆ ಸೇರುವ ಜಾಗದಲ್ಲಿ ಹೆಬ್ಬೆರಳು ಗಾತ್ರದ ಒಂದು ಭಾಗ ಇದೆ, ಮಿದುಳಿನ ಕಾಂಡ ಅಂತೀವಿ. ಉಸಿರಾಟ, ನುಂಗೋದು, ಎಲ್ಲ ಅದರ ಉಸ್ತುವಾರಿ. ತಲೆ ನೆಟ್ಟಗೆ ನಿಲ್ಲಿಸೋದರಲ್ಲೂ ಅದಕ್ಕೆ ದೊಡ್ಡ ಪಾಲಿದೆ. ತಲೆ ಎಷ್ಟು ಭಾರ ನೋಡಿ, ನಾಲ್ಕೈದು ಕೇಜಿ. ಅದನ್ನ ಕತ್ತಿನ ಮೇಲೆ ನಿಲ್ಲಿಸಬೇಕು ಅಂದರೆ ಸುತ್ತ ಇರೋ ಸ್ನಾಯುಗಳನ್ನ ಚಪ್ಪರದ ಹಗ್ಗದ ಥರ ಎಲ್ಲಾ ಕಡೆಯಿಂದ ಹದವಾಗಿ ಎಳೆದು ಇಟ್ಟಿರಬೇಕು. ಒಳಗಿವಿ ತಲೆ ಎತ್ತ ವಾಲಿದೆ ಅಂತ ಸುದ್ದಿ ಕಳಿಸುತ್ತೆ, ಕಣ್ಣು ಕಳಿಸುತ್ತೆ, ಕತ್ತಿನ ಸ್ನಾಯುಗಳೂ ನಾನು ಇಷ್ಟು ಎಳೆದಿದ್ದೀನಿ ಅಂತ ಕಳಿಸುತ್ತವೆ. ಈ ಕಾಂಡ ಎಲ್ಲ ಸುದ್ದಿ ಕೂಡಿಸಿಕೊಂಡು ಯಾವ ಹಗ್ಗ ಬಿಗಿ, ಯಾವುದು ಸಡಿಲ ಅಂತ ಹೇಳ್ತಾ ಇರುತ್ತೆ. ನಮಗೆ ಗೊತ್ತೇ ಆಗೋದಿಲ್ಲ.”

ಪಾಷ ಅವರ ವಿಷಯದಲ್ಲಿ ಆಗಿರುವುದೇನು? ಅವರ ಸ್ಟ್ಯಾಂಡಿನಲ್ಲೇ ಇರುವ ರಸಮಟ್ಟವನ್ನು ಡಾಕ್ಟರು ನೆನಪಿಸಿದರಂತೆ. ಗಾರೆಯವರು ಗೋಡೆಗೆ ಹಿಡಿಯುತ್ತಾರಲ್ಲ, ಗುಳ್ಳೆ ನಡುವೆ ಬಂದರೆ ಮಟ್ಟ ಎನ್ನುವ ಆ ಗಾಜಿನ ಕೊಳವೆ. “ನಿಮ್ಮ ರಸಮಟ್ಟದಲ್ಲಿ ನಡು ಅಂತ ಗೀಚಿರೋ ಗೆರೆಯೇ ಪಕ್ಕಕ್ಕೆ ಸರಿದಿದೆ. ತಲೆ ಎಡಕ್ಕೆ ತಿರುಗಿದಾಗ ಮಿದುಳಿಗೆ ಈಗ ನೆಟ್ಟಗಿದೆ ಅನ್ನಿಸುತ್ತೆ. ನೀವು ನೆಟ್ಟಗೆ ಮಾಡಿದರೆ, ಅಯ್ಯೋ ವಾಲಿತು ಅಂತ ಮತ್ತೆ ಎಳೆಯುತ್ತೆ. ಪಟ್ಟಿ ಹಾಕಿ ಗುದ್ದಾಡಿದರೆ ಅದೂ ಗುದ್ದಾಡುತ್ತೆ.” ಕಾಂಡದ ಮೇಲ್ತುದಿಯಲ್ಲಿ ತಲೆಯನ್ನು ತಿರುಗಿಸಿದ ಕಡೆ ಹಿಡಿದಿಡುವ ಒಂದು ಪುಟ್ಟ ಜಾಗವಿದೆ, ಅಲ್ಲಿಗೆ ಬರುವ ಸುದ್ದಿ ಏರುಪೇರಾದರೆ ಹೀಗಾಗಬಹುದು ಎನ್ನುತ್ತಾರೆ ಅವರು. ಯಾಕೆ ಏರುಪೇರಾಗುತ್ತದೆ ಎನ್ನುವುದು ತಮಗೂ ಪೂರ್ತಿ ಗೊತ್ತಿಲ್ಲ ಎಂದೂ ಸೇರಿಸುತ್ತಾರೆ. ಗೊತ್ತಿಲ್ಲ ಎನ್ನುವ ಡಾಕ್ಟರು ಸಿಗುವುದು ಅಪರೂಪ. ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು.

ಆಮೇಲೆ ಡಾಕ್ಟರು ಕೇಳಿದ ಒಂದು ಪ್ರಶ್ನೆಯೇ ಎಲ್ಲಕ್ಕೂ ಬೀಗದಕೈ ಆಯಿತು. “ಎಲ್ಲಾದರೂ ಮುಟ್ಟಿಕೊಂಡರೆ ತಲೆ ತಾನಾಗೇ ನೆಟ್ಟಗಾಗುತ್ತಾ? ಗದ್ದ, ಕೆನ್ನೆ, ಎಲ್ಲಾದರೂ?”

ಪಾಷ ಯೋಚಿಸಿದರು. ಗಡ್ಡ ಒಪ್ಪ ಮಾಡಿಸುವಾಗ ಕ್ಷೌರದವನ ಬೆರಳು ಗದ್ದಕ್ಕೆ ತಾಗಿದರೆ ಏನೂ ತೊಂದರೆ ಇರುವುದಿಲ್ಲ ಎಂದು ನೆನಪಾಯಿತು. ಬೆರಳ ತುದಿಯನ್ನು ಗದ್ದಕ್ಕೆ ಇಟ್ಟುಕೊಂಡರು. ತಲೆ ಮೆಲ್ಲಗೆ ಬಂದು ನಡುವೆ ನಿಂತಿತು. ಬೆರಳು ತೆಗೆದರು, ಹೋಯಿತು. ಇಟ್ಟರು, ಬಂತು. ಆಯೇಷಾ ಕೂತಲ್ಲೇ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕರೋ ಅತ್ತರೋ ಅವರಿಗೇ ಗೊತ್ತಿಲ್ಲ.

ಈ ಕಾಯಿಲೆಯವರಲ್ಲಿ ಬಹಳ ಜನಕ್ಕೆ ಹೀಗೆ ಒಂದು ಜಾಗ ಇರುತ್ತದಂತೆ. ಬಲದಿಂದ ಅಲ್ಲ, ಬರೀ ಸ್ಪರ್ಶದಿಂದ. ಚರ್ಮದಿಂದ ಹೋಗುವ ಆ ಒಂದು ಹೆಚ್ಚಿನ ಸುದ್ದಿಯಿಂದ ಮಿದುಳಿಗೆ ನಡು ಎಲ್ಲಿದೆ ಎಂದು ಸ್ವಲ್ಪ ಹೊತ್ತು ಗೊತ್ತಾಗುತ್ತದೆ. ಪಾಷ ಅವರ ಕಾಯಿಲೆ ಬಹುಶಃ ಎಷ್ಟೋ ವರ್ಷಗಳಿಂದ ಒಳಗೇ ಇತ್ತು, ಕೆನ್ನೆಗೆ ಒತ್ತಿ ಹಿಡಿಯುತ್ತಿದ್ದ ಕಪ್ಪು ಕ್ಯಾಮೆರಾ ಅದನ್ನು ತಡೆದು ನಿಲ್ಲಿಸಿತ್ತು ಎಂಬುದು ಡಾಕ್ಟರ ಊಹೆ. ಮನೆಗೆ ಬಂದವರೇ ಪಾಷ ಬೀರು ತೆಗೆದು ಕ್ಯಾಮೆರಾವನ್ನು ಕಣ್ಣಿಗಿಟ್ಟು ನೋಡಿದರು. ತಲೆ ನೆಟ್ಟಗೆ ನಿಂತಿತು, ಡಾಕ್ಟರ ಊಹೆ ಸರಿ.

“ಇಷ್ಟು ವರ್ಷ ಅದು ನನ್ನ ಹಿಡ್ಕಂಡಿತ್ತು ಸಾರ್. ನಾನು ಅದನ್ನ ಹಿಡ್ಕಂಡಿದೀನಿ ಅಂದ್ಕೊಂಡಿದ್ದೆ.”

ಈಗ ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್. ಸಿನಿಮಾದವರು ಮುಖದ ಸುಕ್ಕಿಗೆ ಚುಚ್ಚಿಸಿಕೊಳ್ಳುತ್ತಾರಲ್ಲ, ಅದೇ ಔಷಧಿ. ಎಳೆಯುವ ಸ್ನಾಯುವನ್ನು ಸಡಿಲ ಮಾಡುತ್ತದೆ. ಮೊದಲ ಸೂಜಿ ಕತ್ತಿನ ಬಲಗಡೆ ಬಿದ್ದಾಗ ಪಾಷ ತಕರಾರು ತೆಗೆದಿದ್ದರು, “ತಿರುಗಿರೋದು ಎಡಕ್ಕೆ, ಚುಚ್ಚೋದು ಬಲಕ್ಕಾ ಮೇಡಂ?” ಎಂದು. ಬಲಗಿವಿಯ ಹಿಂದಿನಿಂದ ಎದೆಮೂಳೆಗೆ ಇಳಿಯುವ ಸ್ನಾಯು ಬಿಗಿಯಾದರೆ ಮುಖ ಎಡಕ್ಕೆ ತಿರುಗುತ್ತದೆ ಎಂದು ಆವತ್ತು ಅವರಿಗೆ ಗೊತ್ತಾಯಿತು. ನೀವೂ ಕನ್ನಡಿಯ ಮುಂದೆ ನಿಂತು ನೋಡಿಕೊಳ್ಳಬಹುದು. ನೋವು ಮುಕ್ಕಾಲು ಪಾಲು ಇಳಿದಿದೆ, ತಿರುಗುವುದು ಅರ್ಧಕ್ಕೆ ಬಂದಿದೆ. ಪ್ರಮಾಣವನ್ನು ಒಂದೇ ಸಲ ಏರಿಸುವ ಹಾಗಿಲ್ಲ, ನಿಧಾನ ಎಂದಿದ್ದಾರೆ ಡಾಕ್ಟರು. ಕೆಲಸ ಬಿಟ್ಟಿಲ್ಲ. ಬೊಮ್ಮಲಿಂಗಪ್ಪನವರ ಜೊತೆ ರಾಜಿಯಾಗಿದೆ. ಬೆಳಿಗ್ಗೆ ಅಂಗಡಿಯ ಮುಂದೆ ಹೋಗುವಾಗ ಪಾಷ ಎರಡು ಸಲ ಹಾರ್ನ್ ಹೊಡೆಯುತ್ತಾರೆ, ಅದೇ ನಮಸ್ಕಾರ.

ಇಷ್ಟೆಲ್ಲ ನಿರಾಳವಾದ ಮೇಲೆ ಉಳಿದಿದ್ದು ಒಂದೇ ಒಂದು ತೊಡಕು. ಅದು ಈವತ್ತಿಗೇ ಬಂದು ನಿಂತಿದೆ.

ಖಾತೂನ್ ಬೀ ಅವರಿಗೆ ಎಪ್ಪತ್ತೈದು ದಾಟಿದೆ. ಮೆಕ್ಕಾಗೆ ಉಮ್ರಾ ಯಾತ್ರೆ ಹೋಗಬೇಕು ಎನ್ನುವುದು ಅವರು ಶೇಂಗಾ ಹಸನು ಮಾಡುತ್ತಿದ್ದ ಕಾಲದ ಆಸೆ. ಊರಿನ ಒಂದು ಗುಂಪು ಹೊರಟಿದೆ. ಅದರಲ್ಲಿ ತಾಯಿ ಮಗ ಇಬ್ಬರಿಗೂ ಜಾಗ ಸಿಕ್ಕಿದೆ. ಪಾಸ್‌ಪೋರ್ಟು ಹಿಂದೆಯೇ ಆಗಿದೆ. ವೀಸಾ ಅರ್ಜಿಗೆ ಹೊಸ ಫೋಟೋ ಬೇಕು. ತಾಯಿಯದು ಒಂದೇ ಏಟಿಗೆ ಒಪ್ಪಿಗೆಯಾಯಿತು. ಮಗನದು ಮೂರು ಸಲ ವಾಪಸು ಬಂದಿದೆ. ಫೋಟೋ ನೋಡುವುದು ಮನುಷ್ಯರಲ್ಲ, ಕಂಪ್ಯೂಟರು. ಮುಖ ನೇರವಾಗಿಲ್ಲ ಎಂಬ ಒಂದೇ ಸಾಲು. ಸಾವಿರಾರು ಜನರ ಕತ್ತು ನೆಟ್ಟಗೆ ಮಾಡಿ ಫೋಟೋ ತೆಗೆದ ಮನುಷ್ಯನ ಫೋಟೋ ಕತ್ತು ನೆಟ್ಟಗಿಲ್ಲವೆಂದು ವಾಪಸು! ನಗಬೇಕೋ ಅಳಬೇಕೋ. ಟ್ರಾವೆಲ್ಸಿನವರು ಈವತ್ತು ಸಂಜೆಯೊಳಗೆ ಕೊಡಿ, ಇಲ್ಲದಿದ್ದರೆ ಈ ಗುಂಪಿನಲ್ಲಿ ಆಗುವುದಿಲ್ಲ ಎಂದುಬಿಟ್ಟಿದ್ದಾರೆ.

“ಫೋನಿನಲ್ಲೇ ಕತ್ತು ತಿರುಗಿಸಿಕೊಡ್ತೀವಿ ಅಂದ್ರು, ಈಗ ಅದೆಲ್ಲ ಆಗ್ತೈತೆ” ಎನ್ನುತ್ತಾರೆ ಪಾಷ. “ನಾನೇ ಬ್ಯಾಡ ಅಂದೆ. ಅಲ್ಲಾನ ಮನೆಗೆ ಸುಳ್ಳು ಮಕ ತಗೊಂಡು ಹೋಗ್ಲಾ ಸಾರ್?”

ಮಧ್ಯಾಹ್ನ ಚಳ್ಳಕೆರೆಯ ಅವರ ಮನೆಯಲ್ಲಿದ್ದೇವೆ. ಎರಡು ಕೋಣೆ, ಮುಂದೆ ಶೀಟಿನ ಜಗಲಿ. ಖಾತೂನ್ ಬೀ ಮಂಚದ ಮೇಲೆ ಕೂತಿದ್ದಾರೆ. ಗುಂಪಿನ ಜೊತೆ ನೀವೊಬ್ಬರೇ ಹೋಗಿಬರಬಹುದಲ್ಲ ಎಂದು ಕೇಳಿದೆ.

“ಆ ಜನದಾಗೆ ಈ ಮೊಣಕಾಲು ಕಟ್ಕೊಂಡು ನಾನೊಬ್ಳೇ ಸುತ್ತಲೇನಪ್ಪಾ?” ಎಂದರು. “ಅವನು ಬಂದ್ರೆ ನಾನು. ಅವನಿಲ್ಲ ಅಂದ್ರೆ ನಾನೂ ಇಲ್ಲ. ಇಲ್ಲೇ ಕೂತು ದುವಾ ಮಾಡ್ತೀನಿ, ಅಲ್ಲಾಗೆ ಚಳ್ಳಕೆರೆ ಗೊತ್ತಿಲ್ವಾ?”

ಹೀಗೆಂದು ನಕ್ಕರು. ಆದರೆ ಕಣ್ಣು ಮಗನ ಕತ್ತಿನ ಮೇಲೇ ಇತ್ತು.

ಜಗಲಿಯ ಎರಡು ಕಂಬಗಳಿಗೆ ಹಗ್ಗ ಬಿಗಿದು ಬಟ್ಟೆ ಇಳಿಬಿಟ್ಟಾಯಿತು, ಈ ಸಲ ಬಿಳಿ ಮೈ ಮುಂದೆ. ಪಾಷ ಸ್ಟೂಲಿನ ಮೇಲೆ ಕೂತರು. ಸ್ಟ್ಯಾಂಡಿನ ಹಿಂದೆ ಆಯೇಷಾ. “ಗಿಳಿ ನೋಡ್ರಿ” ಎಂದರು ಆಯೇಷಾ, ಗಂಡನ ದನಿಯನ್ನೇ ಅಣಕಿಸಿ. ಪಾಷ ತಲೆ ನೆಟ್ಟಗೆ ಮಾಡಿದರು. ನಿಂತಿತು, ನಡುಗಿತು, ಹೊರಳಿತು. ಆಯೇಷಾ ಒತ್ತಿದ್ದು ಹೊರಳಿದ ಮೇಲೆ. ಇನ್ನೊಂದು ಸಲ, ಮತ್ತೊಂದು ಸಲ. ಗದ್ದಕ್ಕೆ ಬೆರಳಿಟ್ಟರು. ಆಹಾ, ಮುಖ ನಡುವೆ ಬಂತು. ಆದರೆ ಫೋಟೋದಲ್ಲಿ ಬೆರಳು ಇರುವ ಹಾಗಿಲ್ಲ. ಬೆರಳು ತೆಗೆದು ಒತ್ತುವಷ್ಟರಲ್ಲಿ ತಲೆ ಹೊರಟೇ ಹೋಯಿತು. ಗೋಡೆಗೆ ತಲೆ ಒತ್ತಿ ಕೂತು ನೋಡಿದರು, ಬಲ ಹಾಕಿದಷ್ಟೂ ಅದು ಜಗಳಕ್ಕೆ ನಿಂತಿತು. ಹಣೆ ಬೆವರಿತು. ಕೊನೆಗೆ ಪಾಷ ಕೈ ಚೆಲ್ಲಿ, ತಾಯಿಯ ಕಡೆ ನೋಡಲಾಗದೆ ನೆಲ ನೋಡುತ್ತ ಕೂತರು. ನನಗೂ ಅಲ್ಲಿ ಕೂರುವುದು ಕಷ್ಟವಾಯಿತು.

ಖಾತೂನ್ ಬೀ ಮೊಣಕಾಲ ಮೇಲೆ ಕೈಯೂರಿ ಎದ್ದರು.

“ಐವತ್ತಾದ್ರೂ ಕತ್ತು ನಿಂತಿಲ್ಲ ನನ್ನ ಮಗಂಗೆ” ಎಂದು ನನಗೆ ಹೇಳಿದರು. ಮನೆಯಲ್ಲಿ ಇದು ಹಳೆಯ ತಮಾಷೆಯಿರಬೇಕು, ಆಯೇಷಾ ನಕ್ಕರು. ಮುದುಕಿ ನಗಲಿಲ್ಲ. ನಡೆದುಕೊಂಡು ಹೋಗಿ ಬಟ್ಟೆಯ ಅಂಚು ಸರಿಸಿದರು. “ಕತ್ತು ನಿಲ್ಲದಿರೋ ಮಕ್ಕಳ ತಾಯಂದಿರನ್ನ ಎಲ್ಲಿ ಕೂರಿಸ್ತೀಯಾ ನೀನು? ಇಲ್ಲೇ ತಾನೆ?” ಎಂದವರೇ ಬಟ್ಟೆಯ ಹಿಂದೆ ಮರೆಯಾದರು.

ಪಾಷ ತೆರೆದ ಬಾಯಿ ಮುಚ್ಚಲಿಲ್ಲ. ಇಷ್ಟು ವರ್ಷ ಎಷ್ಟು ತಾಯಂದಿರನ್ನು ಆ ಬಟ್ಟೆಯ ಹಿಂದೆ ಕಳಿಸಿದ್ದಾರೋ ಲೆಕ್ಕವಿಲ್ಲ. ತನ್ನ ಮನೆಯಲ್ಲೂ ಒಬ್ಬ ತಾಯಿ ಇದ್ದಾಳೆಂದು ಹೊಳೆದಿರಲಿಲ್ಲ.

ಬಿಳಿ ಬಟ್ಟೆ ಉಬ್ಬಿತು. ಅಂಗೈ ಬಟ್ಟೆಯ ಸಮೇತ ಬಂದು ಪಾಷ ಅವರ ತಲೆಯ ಹಿಂಭಾಗಕ್ಕೆ ತಾಗಿತು. ಮೊದಲು ಮುದುಕಿ ಬಲವಾಗಿ ತಳ್ಳಿದರು. ತಲೆ ನಡುಗಿ ಎಡಕ್ಕೆ ಜಗ್ಗಿತು.

“ತಳ್ಳಬ್ಯಾಡಮ್ಮಾ” ಎಂದರು ಪಾಷ, ಬೆಳಿಗ್ಗೆ ತೇಜಶ್ರೀಗೆ ಹೇಳಿದ ಅದೇ ದನಿಯಲ್ಲಿ. “ಮುಟ್ಟಿರು ಅಷ್ಟೆ.”

ಕೈ ಹಗುರವಾಯಿತು. “ಹಿಲ್ ನಕ್ಕೋ ಬೇಟಾ” ಎಂದಿತು ಬಟ್ಟೆಯ ಹಿಂದಿನ ದನಿ. ಅಲ್ಲಾಡಬೇಡ ಮಗನೇ.

ತಲೆ ಮೆಲ್ಲಗೆ ಹೊರಟು ನಡುವಿಗೆ ಬಂತು. ನಡುಕ ನಿಂತಿತು. ಎರಡೂ ಕಿವಿ ಒಂದೇ ಸಮ ಕಂಡವು. ಪಾಷ ಅವರ ಮುಖವನ್ನು ನಾನು ನೇರವಾಗಿ ನೋಡಿದ್ದು ಅದೇ ಮೊದಲು. ಅವರು ಗಿಳಿಯನ್ನು ನೋಡುತ್ತಿದ್ದರು, ಬೆಳಿಗ್ಗೆಯ ಕೂಸು ನೋಡಿದ ಹಾಗೇ. ಆಯೇಷಾ ಆತುರ ಮಾಡಲಿಲ್ಲ. ಒಂದು ತೆಗೆದರು, ಎರಡು ತೆಗೆದರು, ಸಾಕಾದರೂ ಮೂರನೆಯದು ತೆಗೆದರು.

“ನಿಂತೈತಾ?” ಬಟ್ಟೆಯ ಹಿಂದಿನಿಂದ ಖಾತೂನ್ ಬೀ ಕೇಳಿದರು.

“ನಿಂತೈತೆ ಅತ್ತೆ” ಎಂದರು ಆಯೇಷಾ, ಕಣ್ಣೊರೆಸಿಕೊಳ್ಳುತ್ತ. “ಕೈ ತೆಗೀರಿ.”

ಮುದುಕಿ ಕೂಡಲೇ ತೆಗೆಯಲಿಲ್ಲ.

ಫೋಟೋ ಟ್ರಾವೆಲ್ಸಿನವರಿಗೆ ಹೋಯಿತು. ಚಹಾ ಮಾಡಿದರು, ಕುಡಿಯುವುದು ಯಾರಿಗೂ ನೆನಪಾಗಲಿಲ್ಲ. ಇಳಿಹೊತ್ತಿನ ಅಸರ್ ನಮಾಜಿನ ಕರೆಗೆ ಸ್ವಲ್ಪ ಮುಂಚೆ ಟ್ರಾವೆಲ್ಸಿನವರ ಸಂದೇಶ ಬಂತು, ಫೋಟೋ ಒಪ್ಪಿಗೆಯಾಗಿದೆ ಎಂದು. ಪಾಷ ಫೋನನ್ನು ತಾಯಿಯ ಕೈಗೆ ಕೊಟ್ಟರು. ಖಾತೂನ್ ಬೀ ಓದು ಬಾರದಿದ್ದರೂ ಆ ಸಂದೇಶವನ್ನು ಬಹಳ ಹೊತ್ತು ನೋಡಿದರು, ಆಮೇಲೆ ಗಟ್ಟಿಯಾಗಿ ಉಸಿರುಬಿಟ್ಟು ಮಂಚದ ಮೇಲೆ ಕಾಲು ಚಾಚಿದರು. ನನ್ನ ಎದೆಯ ಮೇಲಿಂದಲೂ ಏನೋ ಇಳಿದ ಹಾಗಾಯಿತು, ಸಂಬಂಧವಿಲ್ಲದವನಿಗೆ ಇಷ್ಟು ಖುಷಿಯಾಗಬಹುದೆಂದು ಗೊತ್ತಿರಲಿಲ್ಲ.

ಹೊರಡುವ ಮುಂಚೆ ಪಾಷ ಅದೇ ಫೋಟೋದ ಒಂದು ಪ್ರಿಂಟನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು, ಕೆಲಸಗಾರ ತನ್ನ ಕೆಲಸ ನೋಡುವ ಹಾಗೆ. ತಲೆಯ ಹಿಂದೆ ಬಿಳಿಯಲ್ಲಿ ಒಂದು ತೆಳು ಸುಕ್ಕು ಉಳಿದಿತ್ತು. ಕಂಪ್ಯೂಟರಿಗೆ ಕಂಡಿಲ್ಲ. ಆಯೇಷಾ, ಪ್ರಿಂಟಿನಲ್ಲಾದರೂ ಅಳಿಸಿಕೊಡಲಾ, ಒಂದು ನಿಮಿಷದ ಕೆಲಸ ಎಂದು ಕೇಳಿದರು.

“ಬ್ಯಾಡ ಬಿಡು” ಎಂದರು ಚಾಂದ್ ಪಾಷ. “ಇಷ್ಟು ವರ್ಷ ಊರವರ ಅವ್ವಂದಿರ ಕೈನೆಲ್ಲಾ ಮರೆ ಮಾಡಿದೀನಿ. ನಮ್ಮಮ್ಮನ ಕೈ ಒಂದಾದ್ರೂ ಫೋಟೋದಾಗಿರ್ಲಿ.”